ಬ್ರಹ್ಮಪುರದ ಕಟ್ಟಡ: ಮಾರುವುದೋ, ಇಟ್ಟುಕೊಳ್ಳುವುದೋ?

ಶರಣು. ನಿಮ್ಮ ಪತ್ರದ ಸಾರ ಇಷ್ಟು: ಕಲಬುರಗಿಯ ಬ್ರಹ್ಮಪುರದಲ್ಲಿ ತಂದೆಯವರು 1988ರಲ್ಲಿ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ ಕಟ್ಟಡ. ಕೆಳಗೆ ಮೂರು ಅಂಗಡಿ, ಮೇಲೆ ನಾಲ್ಕು ಬಾಡಿಗೆ ಮನೆ. ತಿಂಗಳಿಗೆ 38,000 ರೂಪಾಯಿ. ಅವರು ವಿಲ್ ಬರೆಯದೆ ತೀರಿಕೊಂಡು ಮೂರು ವರ್ಷವಾದರೂ ಖಾತೆ ಅವರ ಹೆಸರಲ್ಲೇ ಇದೆ, ಮಾಳಿಗೆ ಸೋರುತ್ತಿದೆ. 1.20 ಕೋಟಿಗೆ ಕೇಳುವವರು ಬಂದಿದ್ದಾರೆ. ಅಣ್ಣ ಮಾರೋಣ ಅನ್ನುತ್ತಾರೆ, ನಿಮಗೆ ಮನಸ್ಸಿಲ್ಲ. ಅಕ್ಕಂದಿರಿಬ್ಬರನ್ನು ಇನ್ನೂ ಕೇಳಿಲ್ಲ.

ಮೊದಲು ಅಕ್ಕಂದಿರನ್ನು ಕೇಳಿ. ಈ ಆಸ್ತಿಯಲ್ಲಿ ತಾಯಿಗೂ ನಾಲ್ವರು ಮಕ್ಕಳಿಗೂ ಐದರಲ್ಲಿ ಒಂದೊಂದು ಪಾಲು. ಮದುವೆಯಾಗಿ ಬೇರೆ ಊರು ಸೇರಿದರೆ ಪಾಲು ಅಳಿಯುವುದಿಲ್ಲ. ಕೊನೆಗೆ ಸಹಿಗಾಗಿ ಮಾತ್ರ ಅವರನ್ನು ಕರೆಯುವ ಮನೆಗಳಲ್ಲೇ ವ್ಯವಹಾರ ಕೋರ್ಟಿಗೆ ಹೋಗುವುದು. ಮರಣ ಪ್ರಮಾಣಪತ್ರ, ವಂಶಾವಳಿ, ಕರ ಕಟ್ಟಿದ ರಸೀದಿಗಳೊಂದಿಗೆ ಮಹಾನಗರ ಪಾಲಿಕೆಗೆ ಅರ್ಜಿ ಕೊಟ್ಟು ಐವರ ಹೆಸರಿಗೆ ಖಾತೆ ಮಾಡಿಸಿ. ಇ-ಖಾತೆ ಇಲ್ಲದೆ ಉಪನೋಂದಣಿ ಕಚೇರಿಯಲ್ಲಿ ಮಾರಾಟ ನೋಂದಣಿಯಾಗದು. ಉಳಿಸಿಕೊಂಡರೂ ಈ ಕೆಲಸ ತಪ್ಪದು.

ಈಗ ಲೆಕ್ಕ. ವರ್ಷಕ್ಕೆ 4.56 ಲಕ್ಷ ಅನ್ನುತ್ತೀರಿ. ಮೇಲಿನ ಮನೆಗಳು ತಲಾ 5,000ಕ್ಕೆ ಹೋಗಿವೆ. ವಿದ್ಯಾರ್ಥಿಗಳು ಬೇಸಿಗೆಯಲ್ಲಿ ಖಾಲಿ ಮಾಡಿದರೆ ಒಂದು ತಿಂಗಳ 20,000 ಹೋಯಿತು. ಆಸ್ತಿ ತೆರಿಗೆ, ಬೋರ್‌ವೆಲ್ ಮೋಟಾರು, ಮೆಟ್ಟಿಲ ದೀಪ ಸೇರಿ 46,000 ಇಡಿ, ರಿಪೇರಿಗೆ 60,000. ಕೈಗೆ ಉಳಿಯುವುದು 3.30 ಲಕ್ಷ, ಅಂದರೆ 1.20 ಕೋಟಿಗೆ ಶೇಕಡಾ 2.75. ಜಾಗದ ಬೆಲೆ ಏರುತ್ತದೆಂಬುದು ನಿಜ, ಆದರೆ ಆ ಏರಿಕೆಯಿಂದ ತಾಯಿಯ ಔಷಧಿಗೆ ದುಡ್ಡು ಬರುವುದಿಲ್ಲ.

ತಲಾ 6,000 ಕೊಡುವ ಅಂಗಡಿಗಳನ್ನು ಟೇಪು ಹಿಡಿದು ಅಳೆಯಿರಿ. 14 ಚದರ ಮೀಟರ್, ಅಂದರೆ ಸುಮಾರು 150 ಚದರಡಿ ಮೀರದ ಅಂಗಡಿಗೆ 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಸಿಗಬಹುದು. ಆಗ ಬಾಡಿಗೆ ಏರಿಸುವುದೂ ಬಿಡಿಸುವುದೂ ಕಷ್ಟ. ಬಾಡಿಗೆದಾರರು ಇರುವಂತೆಯೇ ಮಾರಿದರೆ ಅವರ ಹಕ್ಕು ಹೊಸ ಮಾಲೀಕರ ಮೇಲೂ ನಿಲ್ಲುತ್ತದೆ. ಬೆಲೆ ಇಳಿಸಲು ಕೊಳ್ಳುವವರು ಹಿಡಿಯುವ ಎಳೆ ಅದೇ.

ಮಾಳಿಗೆಯ ಮೇಲೆ ಮೂರು ಇಂಚು ಕಾಂಕ್ರೀಟ್ ಹಾಕಿಸಬೇಕೆಂದು ಬರೆದಿದ್ದೀರಿ. ದಯವಿಟ್ಟು ಹಾಕಿಸಬೇಡಿ. ನಿಮ್ಮದು ಕಬ್ಬಿಣದ ಗರ್ಡರ್ ಮೇಲೆ ಶಹಾಬಾದ್ ಪರ್ಸಿ, ಅಂದರೆ ಚಪ್ಪಡಿ ಕಲ್ಲು, ಹಾಸಿದ ಮಾಳಿಗೆ. ಮೂರು ಇಂಚು ಕಾಂಕ್ರೀಟ್ ಚದರಡಿಗೆ ಸುಮಾರು 17 ಕಿಲೋ ತೂಗುತ್ತದೆ. ನಿಮ್ಮ 1,200 ಚದರಡಿಗೆ 20 ಟನ್. ಗರ್ಡರ್ ತುಕ್ಕು ಹಿಡಿಯುವುದು ಹೆಚ್ಚಾಗಿ ಗೋಡೆಯೊಳಗೆ ಹುದುಗಿದ ತುದಿಯಲ್ಲಿ, ಏಕೆಂದರೆ ಪಸೆ ನಿಲ್ಲುವುದು ಅಲ್ಲೇ. ತುದಿಯ ಗಾರೆ ಬಿಡಿಸಿ ಸುತ್ತಿಗೆಯಿಂದ ಬಡಿದು ನೋಡಿಸಿ. ಪದರು ಪದರಾಗಿ ಉದುರಿದರೆ ಬಾಡಿಗೆದಾರರ ಜೀವದ ಪ್ರಶ್ನೆ. ಎಂಜಿನಿಯರ್ ಬರುವ ತನಕ ಆ ಕೋಣೆ ಖಾಲಿ ಮಾಡಿಸಿ. ಕಬ್ಬಿಣ ಗಟ್ಟಿಯಿದ್ದರೆ ಪರ್ಸಿ ಸಂದುಗಳನ್ನು ಒಂದು ಇಂಚು ಕೆದಕಿ, ತೊಳೆದು, ಮಳೆಗಾಲಕ್ಕೆ ಮುಂಚೆ ನೀರು ತಡೆಯುವ ಗಾರೆ ತುಂಬಿಸಿದರೆ ಸಾಕು.

ಮಾರಿದರೆ ತೆರಿಗೆ ಹೀಗೆ: 2001ರ ಏಪ್ರಿಲ್ 1ರ ಬೆಲೆಯನ್ನು ಅಸಲೆಂದು ಹಿಡಿಯಬಹುದು, ಅದು ಅಂದಿನ ಸರ್ಕಾರಿ ದರ ಮೀರಬಾರದು. ಅದು 12 ಲಕ್ಷವಾದರೆ ಲಾಭ 1.08 ಕೋಟಿ, ಶೇಕಡಾ 12.5ರಂತೆ ತೆರಿಗೆ 13.5 ಲಕ್ಷ, ತಲಾ 2.7 ಲಕ್ಷ, ಸೆಸ್ ಬೇರೆ. ಆರು ತಿಂಗಳೊಳಗೆ ಲಾಭವನ್ನು ನಿಗದಿತ ಬಾಂಡ್‌ಗಳಲ್ಲಿ ಐದು ವರ್ಷಕ್ಕೆ ತೊಡಗಿಸಿದರೆ ಒಬ್ಬೊಬ್ಬರಿಗೆ 50 ಲಕ್ಷದವರೆಗೆ ವಿನಾಯಿತಿ. ಕೊಳ್ಳುವವರು ಹಿಡಿಯುವ ಶೇಕಡಾ 1 ತೆರಿಗೆ ಐವರ ಪ್ಯಾನ್‌ಗೂ ಬೇರೆ ಬೇರೆಯಾಗಿ ಜಮೆಯಾಗಲಿ.

ನಮ್ಮ ಅಭಿಪ್ರಾಯ: ಗರ್ಡರ್ ಗಟ್ಟಿಯಿದ್ದು, ಉಳಿದ ನಾಲ್ಕು ಪಾಲಿನ 96 ಲಕ್ಷವನ್ನು ನೀವು ಸಾಲದ ಸುಳಿಗೆ ಸಿಗದೆ ಹೊಂದಿಸಬಲ್ಲಿರಾದರೆ ಇಟ್ಟುಕೊಳ್ಳಿ. ಕುಟುಂಬದೊಳಗಿನ ಹಕ್ಕು ಬಿಡುಗಡೆ ಪತ್ರಕ್ಕೆ ಮುದ್ರಾಂಕ ಶುಲ್ಕ ಬೆಲೆಯ ಮೇಲಲ್ಲ, ನಿಗದಿತ ಸಣ್ಣ ಮೊತ್ತ. ಆಗದಿದ್ದರೆ ಮಾರಿ, ಆದರೆ ಈಗಲ್ಲ, ಖಾತೆ ಕೈಗೆ ಬಂದ ಮೇಲೆ. ಅಲ್ಲಿಯವರೆಗೆ ಯಾರಿಂದಲೂ ಮುಂಗಡ ಮುಟ್ಟಬೇಡಿ. ಕರಾರಿಗೆ ತಾಯಿಯವರೂ ಸೇರಿ ಐವರೂ ಒಂದೇ ದಿನ ಸಹಿ ಹಾಕಲಿ.