ಬೈಂಡ್ ಹಾಕಿದ್ದೆ, ಆದರೂ ಮೂರು ಆರ್ಡರ್ ಹೋದವು

ಜಾವಾಸ್ಕ್ರಿಪ್ಟ್‌ನಲ್ಲಿ ಕ್ಲಿಕ್ ಕಾಲ್‌ಬ್ಯಾಕ್ (ಬಟನ್ ಒತ್ತಿದಾಗ ಬ್ರೌಸರ್ ಕರೆಯುವ ಫಂಕ್ಷನ್) ಒಳಗೆ ‘ದಿಸ್’ (this) ಅಂದರೆ ನಿಮ್ಮ ಆಬ್ಜೆಕ್ಟ್ ಬದಲು ಬಟನ್ ಬರ್ತಿದೆ, ದಿಸ್ ಯಾವುದು ಅಂತ ಕಟ್ಟಿಹಾಕುವ ಬೈಂಡ್ (bind) ಹಾಕಲಾ, => ಹಾಕಿ ಬರೆಯುವ ಆ್ಯರೋ ಫಂಕ್ಷನ್ ಹಾಕಲಾ ಅಂತ ಕೇಳಿದ್ದೀರಿ. ಏಳು ವರ್ಷದ ಹಿಂದೆ ನಾನೂ ಇದೇ ಜಾಗದಲ್ಲಿ ಸಿಕ್ಕಿಕೊಂಡಿದ್ದೆ.

ಔಷಧಿ ಸಗಟು ವ್ಯಾಪಾರ ಮಾಡುವ ಒಂದು ಕಂಪನಿಗೆ ಆರ್ಡರ್ ಪುಟ ಬರೆಯುತ್ತಿದ್ದೆ. ಬಿಲ್ ತೋರಿಸುವ ಪಾಪ್‌ಅಪ್, ಅದರಲ್ಲಿ ‘ಕಳಿಸಿ’ ಬಟನ್. ಪಾಪ್‌ಅಪ್ ತೆರೆದಾಗ, ಕ್ಲಿಕ್‌ಗೆ ಕಾಯುವ ಲಿಸನರ್ ಸೇರಿಸುವ ಆ್ಯಡ್‌ಇವೆಂಟ್‌ಲಿಸನರ್‌ಗೆ ದಿಸ್.ಕಳಿಸು ಕೊಟ್ಟಿದ್ದೆ. ಬಟನ್ ಒತ್ತಿದರೆ ದಿಸ್.ಪಟ್ಟಿ ಅನ್‌ಡಿಫೈನ್ಡ್, ಅಂದರೆ ಅಲ್ಲಿ ಏನೂ ಇಲ್ಲ. ಕೊನೆಗೆ .ಬೈಂಡ್(ದಿಸ್) ಸೇರಿಸಿದೆ, ಸರಿಹೋಯಿತು. ಪಾಪ್‌ಅಪ್ ಮುಚ್ಚುವಾಗ ಲಿಸನರ್ ತೆಗೆಯಬೇಕಲ್ವಾ? ರಿಮೂವ್‌ಇವೆಂಟ್‌ಲಿಸನರ್‌ಗೂ ಅದನ್ನೇ ಬರೆದೆ: ದಿಸ್.ಕಳಿಸು.ಬೈಂಡ್(ದಿಸ್).

ತಪ್ಪಾಗಿದ್ದು ಅಲ್ಲೇ. ಬೈಂಡ್ ಹಳೆಯ ಫಂಕ್ಷನ್ ಅನ್ನು ತಿದ್ದುವುದಿಲ್ಲ, ಕರೆದಾಗಲೆಲ್ಲ ಹೊಸದೊಂದನ್ನು ಮಾಡಿ ಕೊಡುತ್ತದೆ. ಬರೆದದ್ದು ಅಕ್ಷರಕ್ಷರ ಒಂದೇ ಇದ್ದರೂ ನಾನು ಸೇರಿಸಿದ ಫಂಕ್ಷನ್ ಬೇರೆ, ತೆಗೆಯಲು ಕೊಟ್ಟ ಫಂಕ್ಷನ್ ಬೇರೆ. ಬ್ರೌಸರ್ ಹುಡುಕುತ್ತದೆ, ಸಿಗದಿದ್ದರೆ ಸುಮ್ನಾಗುತ್ತದೆ. ಎರರ್ ಕೂಡ ಬರುವುದಿಲ್ಲ. ಇನ್ನೊಂದು ವಿಷಯ ಇದೆ: ಅದೇ ಫಂಕ್ಷನ್ ಅನ್ನು ಎರಡು ಸಲ ಸೇರಿಸಿದರೂ ಬ್ರೌಸರ್ ಒಂದೇ ಇಟ್ಟುಕೊಳ್ಳುತ್ತದೆ. ಪ್ರತಿ ಸಲ ಹೊಸ ಫಂಕ್ಷನ್ ಕೊಟ್ಟು ಆ ಕಾವಲನ್ನೂ ನಾನೇ ತೆಗೆದಿದ್ದೆ.

ಮೆಡಿಕಲ್ ಶಾಪಿನವರೊಬ್ಬರು ಬಿಲ್ ತೆರೆದರು, ಮುಚ್ಚಿದರು, ಒಂದು ಐಟಂ ಸೇರಿಸಿ ಮತ್ತೆ ತೆರೆದರು. ಮೂರನೇ ಸಲ ತೆರೆದು ‘ಕಳಿಸಿ’ ಒತ್ತಿದರು. ಮೂರು ಆರ್ಡರ್ ಹೋದವು. ಮೂರು ಪಟ್ಟು ಇನ್ಸುಲಿನ್ ಬಂದಿಳಿಯಿತು, ಅವರ ಫ್ರಿಜ್‌ನಲ್ಲಿ ಅಷ್ಟಕ್ಕೆ ಜಾಗವೇ ಇರಲಿಲ್ಲ. ಅವರು ಫೋನ್‌ನಲ್ಲಿ ಕೂಗಾಡಲಿಲ್ಲ, “ಇದು ಕೆಡುವ ಮಾಲು ಸಾರ್” ಅಂದರು ಅಷ್ಟೇ. ಅದು ಇನ್ನೂ ನೆನಪಿದೆ. ನಾನು ಟೆಸ್ಟ್ ಮಾಡುವಾಗ ಪ್ರತಿ ಸಲ ಪುಟ ರಿಫ್ರೆಶ್ ಮಾಡಿ ಒಂದೇ ಸಲ ತೆರೆದು ನೋಡಿದ್ದೆ.

ಆ್ಯರೋ ಹಾಕಿದ್ದರೂ ಇದೇ ಆಗುತ್ತಿತ್ತು. ಎರಡು ಕಡೆ ಎರಡು ಆ್ಯರೋ ಬರೆದರೆ ಅವು ಎರಡು ಫಂಕ್ಷನ್.

ಅದಕ್ಕೇ ಬೈಂಡಾ ಆ್ಯರೋನಾ ಅನ್ನುವ ಪ್ರಶ್ನೆಯೇ ಸರಿಯಿಲ್ಲ ಅಂತೀನಿ. ಮೊದಲು ಕೇಳಬೇಕಾದ್ದು, ಈ ಫಂಕ್ಷನ್ ಅನ್ನು ಕರೆಯುವವರು ಯಾರು? ಮಾಮೂಲಿ ಫಂಕ್ಷನ್‌ಗೆ ದಿಸ್ ಸಿಗುವುದು ಬರೆದಾಗ ಅಲ್ಲ, ಕರೆದಾಗ. ಕ್ಲಿಕ್ ಆದರೆ ಬ್ರೌಸರ್ ಬಟನ್ ಅನ್ನು ಕೊಡುತ್ತದೆ, ಸ್ವಲ್ಪ ಹೊತ್ತಿನ ನಂತರ ಕರೆಯುವ ಸೆಟ್‌ಟೈಮ್‌ಔಟ್ ಆದರೆ ವಿಂಡೋ. ಕ್ಲಾಸ್ ಒಳಗೆ, ಪಟ್ಟಿಯ ಒಂದೊಂದು ಐಟಂಗೂ ಫಂಕ್ಷನ್ ಕರೆಯುವ ಫಾರ್‌ಈಚ್‌ಗೆ ಮಾಮೂಲಿ ಫಂಕ್ಷನ್ ಕೊಟ್ಟರೆ ಅನ್‌ಡಿಫೈನ್ಡ್. 2015ರಲ್ಲಿ ಬಂದ ಆ್ಯರೋಗೆ ಸ್ವಂತ ದಿಸ್ ಇಲ್ಲ, ಹೊರಗೆ ಯಾವುದಿದೆಯೋ ಅದೇ.

ಫಾರ್‌ಈಚ್, ಮ್ಯಾಪ್, ಸೆಟ್‌ಟೈಮ್‌ಔಟ್‌ಗೆ ಜಾಸ್ತಿ ಯೋಚಿಸದೆ ಆ್ಯರೋ ಹಾಕಿ. ಮುಂದೆ ತೆಗೆಯಬೇಕಾದ ಲಿಸನರ್ ಆದರೆ ಕನ್‌ಸ್ಟ್ರಕ್ಟರ್‌ನಲ್ಲಿ (ಆಬ್ಜೆಕ್ಟ್ ಹುಟ್ಟುವಾಗ ಓಡುವ ಭಾಗ) ಒಂದೇ ಸಲ ಬರೆಯಿರಿ: ದಿಸ್.ಕಳಿಸು = ದಿಸ್.ಕಳಿಸು.ಬೈಂಡ್(ದಿಸ್). ಆಮೇಲೆ ಸೇರಿಸುವಾಗಲೂ ತೆಗೆಯುವಾಗಲೂ ಬರೀ ದಿಸ್.ಕಳಿಸು.

ತಿದ್ದಿದ ಮೇಲೆ ಪುಟ ರಿಫ್ರೆಶ್ ಮಾಡದೆ ಪಾಪ್‌ಅಪ್ ಮೂರು ಸಲ ತೆರೆದು ಮುಚ್ಚಿ, ನಾಲ್ಕನೇ ಸಲ ತೆರೆದು ಬಟನ್ ಒತ್ತಿ, ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿರುವ ನೆಟ್‌ವರ್ಕ್ ಟ್ಯಾಬ್ ನೋಡಿ. ಒಂದೇ ರಿಕ್ವೆಸ್ಟ್ ಹೋಗಿರಬೇಕು.