ತೊಡೆಸಂದಿಯ ಉರಿಗೆ ಪೌಡರ್ ಬೇಡ

ಪ್ರಾಸ್ಟೇಟ್ ಶಸ್ತ್ರಚಿಕಿತ್ಸೆಯ ನಂತರ ಮೂತ್ರ ಸೋರಿ ನಿಮ್ಮ ತಂದೆಯವರ ತೊಡೆಸಂದಿ ಕೆಂಪಾಗಿ ಉರಿಯುತ್ತಿದೆ, ಪೌಡರ್ ಹಾಕಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ನನ್ನ ತಂದೆಗೆ ನಾವೂ ಹಾಕಿದ್ದೆವು. ಒದ್ದೆಯಾಗಿ ಚರ್ಮದ ಮಡಿಕೆಗಳಲ್ಲಿ ಹಿಟ್ಟಿನಂತೆ ಗಂಟುಕಟ್ಟಿ ಇನ್ನಷ್ಟು ಕೆರೆಯಿತು. ಸೋಪನ್ನೂ ಬಿಡಿ, ಅದರ ಕ್ಷಾರ ಚರ್ಮವನ್ನು ಒಣಗಿಸುತ್ತದೆ. ಪ್ಯಾಡ್ ಬದಲಿಸುವಾಗ ಉಗುರುಬೆಚ್ಚಗಿನ ನೀರಿನಲ್ಲಿ ತೊಳೆದು, ಹಳೆಯ ಹತ್ತಿಪಂಚೆಯ ತುಂಡಿನಿಂದ ಉಜ್ಜದೆ ಒತ್ತಿ ಒರೆಸಿ. ಪೂರ್ತಿ ಒಣಗಿದ ಮೇಲೆ ಜಿಂಕ್ ಆಕ್ಸೈಡ್ ಮುಲಾಮನ್ನು ತೆಳುವಾಗಿ ಸವರಿ. ದಪ್ಪವಾದರೆ ಪ್ಯಾಡ್ ಸರಿಯಾಗಿ ಹೀರುವುದಿಲ್ಲ. ಸೋರುತ್ತದೆಂದು ಅವರು ನೀರು ಕುಡಿಯುವುದನ್ನು ಕಡಿಮೆ ಮಾಡಿದ್ದರೆ ತಡೆಯಿರಿ, ಗಾಢವಾದ ಮೂತ್ರ ಹೆಚ್ಚು ಉರಿಸುತ್ತದೆ. ಕೆಂಪಿನ ಅಂಚಿನಾಚೆ ಸಣ್ಣ ಗುಳ್ಳೆಗಳು ಕಂಡರೆ ಶಿಲೀಂಧ್ರದ ಸೋಂಕಿರಬಹುದು, ವೈದ್ಯರಿಗೆ ತೋರಿಸಿ. ನಾಚಿಕೆಯಿಂದ ಅವರು ಹೇಳದಿರಬಹುದು, ನೀವೇ ಕೇಳಿ.