ಅಪ್ಪ ಪುಣೆಗೆ ಹೋಗಿರಲಿಲ್ಲ ಅಂತ ಮಗನಿಗೆ ಹೇಳಲಾ?

ಪ್ರಶ್ನೆ: ನನ್ನ ಮನೆಯವರು ಹತ್ತು ವರ್ಷ ಕುಡಿದರು. ಹೋದ ವರ್ಷ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ಒಂದು ತಿಂಗಳಿದ್ದು ಬಂದ ಮೇಲೆ ಮುಟ್ಟಿಲ್ಲ. ಮಗನಿಗೆ ಆಗ ‘ಅಪ್ಪ ಕೆಲಸಕ್ಕ ಪುಣೆಗೆ ಹೋಗ್ಯಾರ’ ಅಂದಿದ್ದೆ. ಅವನೀಗ ಒಂಬತ್ತನೇ ಕ್ಲಾಸು. ಮೊನ್ನೆ ಒಗೆಯೋಕೆ ತೆಗೆದ ಅವನ ಪ್ಯಾಂಟಿನ ಜೇಬಿನಲ್ಲಿ ಮಾವಾ (ಅಡಿಕೆ-ತಂಬಾಕಿನ ಮಿಶ್ರಣ) ಸಿಕ್ಕಿತು. ‘ನನ್ನ ಕಥೆ ನಾನೇ ಅವನಿಗೆ ಹೇಳ್ತೀನಿ’ ಅಂತಾರೆ ಮನೆಯವರು. ಅಪ್ಪನ ಮೇಲಿನ ಗೌರವ ಹೋದರೆ? ‘ನೀನೂ ಕುಡೀತಿದ್ದೆಲ್ಲ’ ಅಂತ ತಿರುಗಿಬಿದ್ದರೆ?
— ಒಬ್ಬ ತಾಯಿ, ಗದಗ

ಅಕ್ಕಾ, ಹೇಳಲಿ. ಅವರೇ ಹೇಳಲಿ, ನೀವು ಪಕ್ಕದಲ್ಲಿ ಕೂತಿರಿ.

ಹತ್ತು ವರ್ಷ ಕುಡಿತ ಇದ್ದ ಮನೆಯಲ್ಲಿ ಬೆಳೆದ ಹುಡುಗನಿಗೆ ಏನೂ ಗೊತ್ತಿಲ್ಲ ಅಂದುಕೊಂಡಿದ್ದೀರಾ? ಗೇಟಿನ ಸಪ್ಪಳದಲ್ಲೇ ಅಪ್ಪ ಯಾವ ಸ್ಥಿತಿಯಲ್ಲಿ ಬಂದಿದ್ದಾರೆ ಅಂತ ಇಂಥ ಮಕ್ಕಳು ಹೇಳಬಲ್ಲರು. ಅವನಿಗೆ ಕುಡಿತ ಗೊತ್ತು. ಬಿಟ್ಟ ಕಥೆ ಗೊತ್ತಿಲ್ಲ. ನೀವು ಮುಚ್ಚಿಟ್ಟಿರುವುದು ಅದನ್ನೇ.

ಮನೆತನದಲ್ಲಿ ಶುಗರ್ ಇದ್ದರೆ ಮಕ್ಕಳಿಗೆ ಹೇಳುತ್ತೇವೆ ಅಲ್ವಾ? ಚಟಕ್ಕೆ ಬೀಳುವ ಅಪಾಯದಲ್ಲೂ ಸುಮಾರು ಅರ್ಧ ಪಾಲು ವಂಶದಿಂದ ಬರುತ್ತದೆ. ಮೇಲಾಗಿ ‘ಸಾಕು, ನಿಲ್ಲಿಸು’ ಅನ್ನುವ ಮಿದುಳಿನ ಭಾಗ ಪೂರ್ತಿ ಬಲಿಯುವುದು 25ರ ಹೊತ್ತಿಗೆ. ಹದಿನಾಲ್ಕಕ್ಕೆ ಹಿಡಿದದ್ದು ಬೇಗ ಅಂಟುತ್ತದೆ. ಇದು ಅವನಿಗೆ ತಿಳಿದಿರಬೇಕು.

ಸಂಜೆ ಭೀಷ್ಮ ಕೆರೆ ಕಡೆ ಕರೆದುಕೊಂಡು ಹೋಗಿ ಮಾತಾಡಿ. ಕುಡಿದ ದಿನಗಳ ಸಾಹಸ ಬೇಡ, ಹುಡುಗರಿಗೆ ಅದು ರುಚಿಸಿಬಿಡುತ್ತದೆ. ಬಿಟ್ಟ ಮೊದಲ ವಾರದ್ದು ಹೇಳಲಿ. ಚಹಾದ ಕಪ್ಪು ಹಿಡಿಯಲಾಗದಂತೆ ಕೈ ನಡುಗಿದ್ದರೆ ಅದು, ನಿದ್ದೆ ಬಾರದ ರಾತ್ರಿಗಳು, ಹಳೆ ಗೆಳೆಯರ ಫೋನ್ ಎತ್ತದೆ ಕೂತದ್ದು. ಬಹಳ ವರ್ಷ ಕುಡಿದವರು ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಕುತ್ತಾಗಬಹುದು. ಅದಕ್ಕೇ ಆಸ್ಪತ್ರೆ ಬೇಕಾಯಿತು ಅಂತಲೂ ಹೇಳಲಿ. ‘ಮನಸ್ಸು ಗಟ್ಟಿ ಮಾಡಿದರೆ ಆಯ್ತು’ ಅನ್ನುವ ಮಾತು ಎಷ್ಟೋ ಮನೆ ಕೆಡಿಸಿದೆ.

‘ನೀನೂ ಕುಡೀತಿದ್ದೆಲ್ಲ’ ಅಂದರೆ? ‘ಹೌದು, ಕುಡೀತಿದ್ದೆ. ನಿನಗೆ ಬಹಳ ತ್ರಾಸು ಕೊಟ್ಟೆ, ತಪ್ಪಾಯ್ತು’ ಅನ್ನಲಿ. ನನ್ನ ಮುಂದೆ ಕೂತ ಎಷ್ಟೋ ಮಕ್ಕಳು ಅಪ್ಪನ ಬಾಯಿಂದ ಈ ಒಂದು ಮಾತಿಗಾಗಿ ಕಾದಿದ್ದಾರೆ. ಇದರಿಂದ ಗೌರವ ಹೋಗುವುದಿಲ್ಲ ಅಕ್ಕಾ.

ಮಾವಾ ಸಂಗತಿ. ಯಾವಾಗಿಂದ, ದಿನಕ್ಕೆ ಎಷ್ಟು ಅಂತ ಸುಮ್ನೆ ಕೇಳಿ, ಬೈಯಬೇಡಿ. ಅದರಲ್ಲಿ ತಂಬಾಕಷ್ಟೇ ಅಲ್ಲ, ಅಡಿಕೆಯೂ ಕ್ಯಾನ್ಸರ್ ತರುವಂಥದ್ದು. ಜಗಿಯುತ್ತಾ ಹೋದಂತೆ ಗಲ್ಲದ ಒಳಪದರ ಬಿಗಿಯಾಗಿ ಬಾಯಿ ತೆರೆಯಲಾಗದಂತಾಗುತ್ತದೆ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯಲ್ಲಿ ಹಿಡಿಸುತ್ತವಾ ಅಂತ ಅವನೇ ನೋಡಲಿ. ಹಿಡಿಸದಿದ್ದರೆ, ಇಲ್ಲವೇ ಖಾರ ತಿಂದರೆ ಬಾಯಿ ಉರಿಯುತ್ತಿದ್ದರೆ, ತಡ ಮಾಡದೆ ಹಲ್ಲಿನ ಡಾಕ್ಟರಿಗೆ ತೋರಿಸಿ. ಮುಂದೆ ಮಿರ್ಚಿ ತಿನ್ನೋಕೆ ಆಗಲ್ಲ ಅನ್ನುವುದು ಗದಗಿನ ಹುಡುಗನಿಗೆ ಕ್ಯಾನ್ಸರ್ ಫೋಟೋಕ್ಕಿಂತ ಬೇಗ ನಾಟುತ್ತದೆ. ಬಿಟ್ಟ ಮೊದಲ ಎರಡು ಮೂರು ದಿನ ಸಿಡುಕು ಜಾಸ್ತಿ. ಸಹಿಸಿಕೊಳ್ಳಿ, ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. ಕಷ್ಟವೆನಿಸಿದರೆ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳಿಗೆ ತಂಬಾಕು ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯಲ್ಲಿ ಏಳು ವರ್ಷದವರೆಗೆ ಜೈಲಿದೆ. ಅಪರಾಧಿ ಅಂಗಡಿಯವನು, ನಿಮ್ಮ ಮಗ ಅಲ್ಲ.

ಇಳಕಲ್ಲಿನ ಮಠದ ಸ್ವಾಮಿಗಳಾಗಿದ್ದ ಮಹಾಂತ ಅಪ್ಪಗಳು ಮನೆಮನೆಗೆ ಹೋಗಿ ‘ನಿಮ್ಮ ಚಟ ನನ್ನ ಜೋಳಿಗೆಗೆ ಹಾಕಿ’ ಅಂತ ಬೇಡಿದರು. ಯಾರಿಂದಲೂ ಕಸಿದುಕೊಳ್ಳಲಿಲ್ಲ. ಮನೆಯವರೂ ಮಗನ ಮುಂದೆ ಹಾಗೇ ಕೈ ಚಾಚಲಿ.

ಮುಂದಿನ ಸಾರಿ ಧಾರವಾಡಕ್ಕೆ ತೋರಿಸಲು ಹೋಗುವಾಗ ಮಗನನ್ನೂ ಕರೆದುಕೊಂಡು ಹೋಗಿ. ಅಪ್ಪನ ‘ಪುಣೆ’ ಎಲ್ಲಿತ್ತು ಅಂತ ಅವನೂ ನೋಡಲಿ.